ಕುದುರೆಯ ಬೆನ್ನೂ ಹಲ್ಲಣವೂ

ಹೇರೋಹಳ್ಳಿಯ ಮಗ್ಗುಲಲ್ಲಿ ಹಾದುಹೋಗುವ ಮಾಗಡಿ ರಸ್ತೆಯನ್ನು ಹಿಡಿದು ಪಶ್ಚಿಮಕ್ಕೆ ಸಾಗಿದರೆ ಮಾಗಡಿ, ಅದರಾಚೆ ಕುಣಿಗಲು. ಟಿಪ್ಪು ಸುಲ್ತಾನನು ತನ್ನ ರಾವುತರಿಗಾಗಿ ಕುದುರೆಗಳನ್ನು ಬೆಳೆಸಿದ ಊರು ಅದು. ಇಂದು ಈ ದಾರಿಯಲ್ಲಿ ಬಸ್ಸು ಲಾರಿಗಳದೇ ಸದ್ದು. ‘ಹಲ್ಲಣ’ವೆಂದರೆ ಹಲ್ಲಿಗೆ ಸಂಬಂಧಿಸಿದ್ದೆಂದು ತರಗತಿಯ ಹುಡುಗರು ತಿಳಿದರೆ ಅವರನ್ನು ದೂರುವಂತಿಲ್ಲ.

ಸಂಸ್ಕೃತದ ‘ಪರ್ಯಾಣ’ವೇ ಹಳಗನ್ನಡದಲ್ಲಿ ‘ಪಲ್ಲಣ’ವಾಗಿ, ಮುಂದೆ ‘ಹಲ್ಲಣ’ವಾಯಿತು. ‘ಜೀನು’ ಎಂಬುದು ಪಾರಸಿಯಿಂದ ಬಂದ ಮಾತು. ಹೆಸರು ಯಾವುದಾದರೇನು, ಅದರ ಧರ್ಮ ಒಂದೇ. ಸವಾರನ ಭಾರವನ್ನು ಬೆನ್ನೆಲುಬಿನ ಎರಡು ಪಕ್ಕದ ಮಾಂಸಖಂಡಗಳ ಮೇಲೆ ಅದು ಹಂಚಬೇಕು, ಎಲುಬನ್ನು ಒತ್ತಬಾರದು, ಹೆಗಲಿನ ಆಟಕ್ಕೆ ಅಡ್ಡಿಯಾಗಬಾರದು.

ಆದರೆ ಕುದುರೆಯ ಬೆನ್ನು ಸದಾ ಒಂದೇ ತೆರನಾಗಿರುವುದಿಲ್ಲ. ಮೇವು ತಪ್ಪಿದರೆ ಹೆಗಲಿನ ಹಿಂದೆ ಗುಳಿ ಬೀಳುತ್ತದೆ. ವಿಶ್ರಾಂತಿ ದೊರೆತರೆ ಮತ್ತೆ ತುಂಬಿಕೊಳ್ಳುತ್ತದೆ. ಮುಪ್ಪಿನಲ್ಲಿ ಬೆನ್ನೇ ಜಗ್ಗುತ್ತದೆ. ನಿನ್ನೆ ಒಪ್ಪಿದ ಜೀನು ನಾಳೆ ಕಚ್ಚುತ್ತದೆ.

1807ರ ಒಪ್ಪಂದದಂತೆ ಮೈಸೂರು ಸಂಸ್ಥಾನವು 4,000 ಕುದುರೆ ಸವಾರರನ್ನು ಸಿದ್ಧವಾಗಿಟ್ಟಿರಬೇಕಾಗಿತ್ತು. ಸಿಲ್ಲೇದಾರನೆಂದರೆ ಸ್ವಂತ ಕುದುರೆಯೊಡನೆ ಚಾಕರಿಗೆ ಬಂದವನು. ಅದರ ಬೆನ್ನು ಹುಣ್ಣಾಯಿತೆಂದರೆ ಮನೆಯ ಅನ್ನಕ್ಕೇ ಕುತ್ತು.

ಈ ಕಷ್ಟಕ್ಕೆ ಪರಿಹಾರವಾಗಿ ಬ್ರಿಟಿಷ್ ಸೈನ್ಯವು 1912ರ ಮಾದರಿಯ ಜೀನಿನಲ್ಲಿ ಒಂದು ಉಪಾಯ ಮಾಡಿತು. ಉಕ್ಕಿನ ಕಮಾನಿಗೆ ಎರಡು ಮರದ ಹಲಗೆಗಳನ್ನು ತಿರುಗಣಿಯಿಂದ ಸೇರಿಸಿದರು. ಬೆನ್ನು ಬದಲಾದಂತೆ ಹಲಗೆಗಳೂ ವಾಲಿಕೊಳ್ಳುತ್ತಿದ್ದುವು. ಅಡಿಯಲ್ಲಿ ಮಡಿಸಿದ ಕಂಬಳಿ. ಕುದುರೆ ಬಡವಾದರೆ ಮಡಿಕೆಯನ್ನು ಹೆಚ್ಚಿಸಿ ಹೊಂದಿಸುವುದು ಸವಾರನ ಕೆಲಸ.

ಇದರ ಬೆಲೆ ತಿಳಿಯುವುದು ದೂರದ ದಂಡಯಾತ್ರೆಯಲ್ಲಿ. 1914ರಲ್ಲಿ ಮೈಸೂರು ಲ್ಯಾನ್ಸರ್ಸ್ ದಳವು ಕಡಲು ದಾಟಿ ಈಜಿಪ್ಟಿಗೆ ಹೋಯಿತು. 1918ರ ಸೆಪ್ಟೆಂಬರ್ 23ರಂದು ಜೋಧಪುರದ ರಾವುತರೊಡನೆ ಹೈಫಾ ಪಟ್ಟಣವನ್ನು ಗೆದ್ದುಕೊಂಡಿತು. ಕಾರ್ಮೆಲ್ ಬೆಟ್ಟದ ಏರನ್ನು ಹತ್ತಿದವರಲ್ಲಿ ನಮ್ಮ ಮೈಸೂರಿನವರಿದ್ದರು. ನೀರೂ ಮೇವೂ ಅಳತೆಯಲ್ಲಿ ಸಿಗುವ ಅಂಥ ನಾಡಿನಲ್ಲಿ ಹುಣ್ಣುಬೆನ್ನಿನ ಕುದುರೆಯ ಸವಾರ ಕಾಲಾಳೇ ಸರಿ.

ಜೀನನ್ನು ಪರೀಕ್ಷಿಸಲು ದೊಡ್ಡ ವಿದ್ಯೆ ಬೇಡ. ಸವಾರನು ಏರಿ ಕುಳಿತ ಮೇಲೆ ಹೆಗಲಿನ ಉಬ್ಬಿನ ಮೇಲೆ, ಕಂಬಳಿಯಡಿ ಕೈ ಸುಲಭವಾಗಿ ಹೋಗಬೇಕು. ಸವಾರಿ ಮುಗಿದ ಮೇಲೆ ಬೆವರಿದ ಬೆನ್ನಿನ ನಡುವೆ ಒಣಗಿದ ಮಚ್ಚೆ ಕಂಡರೆ ಅಲ್ಲಿ ಒತ್ತಡ ಬಿದ್ದಿದೆಯೆಂದು ಶಂಕಿಸಬೇಕು.

ಬೆಂಗಳೂರಿನ ಜೆ.ಸಿ. ನಗರದಲ್ಲಿ ಆ ದಳದ ಸ್ಮಾರಕವಿದೆ. ಅತ್ತ ಹೋದಾಗ ಒಂದು ನಿಮಿಷ ನಿಂತು ನೋಡಿರಿ. ಇತಿಹಾಸ ಗೆದ್ದ ದಿನವನ್ನು ಬರೆದಿಡುತ್ತದೆ. ಆ ಬೆಳಗ್ಗೆ ಕಂಬಳಿಯ ಸುಕ್ಕು ಸರಿಪಡಿಸಿದ ಕೈಯನ್ನು ನಾವೇ ನೆನೆಯಬೇಕು.