ತೋಟ ಮಾಲ್ಕಿ, ಬೆಟ್ಟ ಸವಲತ್ತು: ಶಿರಸಿ ಸೀಮೆಯಲ್ಲಿ ಒಡೆತನದ ಚರಿತ್ರೆ

ಶಿರಸಿ, ಸಿದ್ದಾಪುರ, ಯಲ್ಲಾಪುರಗಳಲ್ಲಿ ಜಮೀನಿನ ಮಾತು ಬಂದರೆ ಮೊದಲು ಹುಟ್ಟುವ ಪ್ರಶ್ನೆ: ಮಾಲ್ಕಿಯೋ, ಬೆಟ್ಟವೋ, ಅತಿಕ್ರಮಣವೋ? ಮೂರನ್ನೂ ಒಂದೇ ಮನೆಯವರು ಅನುಭವಿಸುತ್ತಿರಬಹುದು, ಮೂರಕ್ಕೂ ಸೇರಿ ಒಂದೇ ಬೇಲಿ ಇರಬಹುದು. ಕಾನೂನಿನ ಕಣ್ಣಿಗೆ ಮಾತ್ರ ಮೂರೂ ಬೇರೆ. ಭೂಮಿಯ ಚರಿತ್ರೆ ಬರೆಯುವವರು ಸಾಮಾನ್ಯವಾಗಿ ‘ಇದು ಯಾರದು’ ಎಂಬಲ್ಲಿಂದ ಹೊರಡುತ್ತಾರೆ. ಈ ಸೀಮೆಯ ಮಟ್ಟಿಗೆ ಅದು ತಡವಾಗಿ ಬಂದ ಪ್ರಶ್ನೆ. ಇಲ್ಲಿ ಯಾರು ಏನು ಮಾಡಬಹುದು ಎಂಬುದೇ ಅದಕ್ಕಿಂತ ಹಳೆಯದು.

ವಿಜಯನಗರ ಮತ್ತು ಕೆಳದಿ ಅರಸರ ಕಾಲದ ದಾನಶಾಸನಗಳನ್ನು ನೋಡಿ. ಊರನ್ನು ಕೊಟ್ಟೆವು ಎಂದಷ್ಟೇ ಹೇಳಿ ಅವು ಸುಮ್ಮನಾಗುವುದಿಲ್ಲ. ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯ ಎಂಬ ಅಷ್ಟಭೋಗಗಳನ್ನು ಎಣಿಸಿ ಕೊಡುತ್ತವೆ. ಹೂತಿಟ್ಟ ಹೊನ್ನು, ನೀರು, ಕಲ್ಲು, ಈಗಿನ ಹುಟ್ಟುವಳಿ, ಮುಂದೆ ಬರಬಹುದಾದದ್ದು, ಎಲ್ಲವೂ ಬಿಡಿಬಿಡಿಯಾಗಿ. ದಾನ ಕೊಡಲು, ಅಡವಿಡಲು, ಮಾರಲು ಅಧಿಕಾರ ಉಂಟೆಂಬುದನ್ನೂ ಹಲವು ಶಾಸನಗಳು ಬೇರೆಯಾಗಿಯೇ ನಮೂದಿಸುತ್ತವೆ. ಹೆಸರಿಸದೆ ಬಿಟ್ಟದ್ದು ಸಿಕ್ಕೀತೆಂಬ ಭರವಸೆ ಪಡೆದವನಿಗೆ ಇರಲಿಲ್ಲವೆಂದು ಇದರಿಂದ ಊಹಿಸಬಹುದು.

ಅದಕ್ಕೂ ಹಿಂದೆ, ಬನವಾಸಿ ಪನ್ನಿರ್ಚ್ಛಾಸಿರವು ಕಲ್ಯಾಣದ ಚಾಲುಕ್ಯರ ಆಳ್ವಿಕೆಯಲ್ಲಿದ್ದಾಗ, ಆರನೆಯ ವಿಕ್ರಮಾದಿತ್ಯನ (1076–1126) ಆಶ್ರಯದಲ್ಲಿದ್ದ ವಿಜ್ಞಾನೇಶ್ವರ ‘ಮಿತಾಕ್ಷರಾ’ದಲ್ಲಿ ಒಂದು ದಿಟ್ಟ ನಿಲುವು ತಳೆದ. ಸ್ವತ್ವ ಗೊತ್ತಾಗುವುದು ಶಾಸ್ತ್ರದಿಂದಲೇ ಎಂಬ ವಾದವನ್ನು ಅವನು ಒಪ್ಪಲಿಲ್ಲ. ಶಾಸ್ತ್ರವನ್ನೇ ಅರಿಯದ ಗಡಿನಾಡಿನವರೂ ಕೊಳ್ಳುತ್ತಾರೆ, ಮಾರುತ್ತಾರೆ. ಆದ್ದರಿಂದ ಸ್ವತ್ವ ಲೌಕಿಕ, ಜನರ ವ್ಯವಹಾರದಿಂದ ಸಿದ್ಧವಾಗುವಂಥದ್ದು. ಈ ತರ್ಕ ನಮ್ಮ ಕಂದಾಯ ಕಚೇರಿಗಳಿಗೆ ಇಂದಿಗೂ ರುಚಿಸಲಾರದು.

1799ರಲ್ಲಿ ಟಿಪ್ಪು ಬಿದ್ದಮೇಲೆ ಕೆನರಾಕ್ಕೆ ಕಲೆಕ್ಟರಾಗಿ ಬಂದ ಥಾಮಸ್ ಮನ್ರೋ, ಇಲ್ಲಿನ ಭೂಮಿ ಖಾಸಗಿ ಸ್ವತ್ತು ಎಂದು 1800ರಲ್ಲಿ ವರದಿ ಬರೆದ. ಭೂಮಿಯ ಒಡೆಯನಾದ ವರ್ಗದಾರ, ಅವನ ಕೆಳಗೆ ಶಾಶ್ವತ ಹಕ್ಕಿನ ಮೂಲಗೇಣಿದಾರ, ಅವಧಿಯ ಖಾತ್ರಿಯಿಲ್ಲದ ಚಾಲಗೇಣಿದಾರ: ಒಂದೇ ಗದ್ದೆಯ ಮೇಲೆ ಇಷ್ಟು ಪದರ. 1862ರಲ್ಲಿ ಉತ್ತರ ಕೆನರಾ ಮುಂಬಯಿ ಪ್ರಾಂತಕ್ಕೆ ಸೇರಿತು. ಹೊಸ ಸರ್ವೆಯ ಏರಿದ ಕಂದಾಯವನ್ನು ವರ್ಗದಾರರು ಪ್ರಶ್ನಿಸಿದರು. ವ್ಯಾಕುಂಟ ಬಾಪೂಜಿ ಮೊಕದ್ದಮೆಯಲ್ಲಿ 1875ರಲ್ಲಿ ಮುಂಬಯಿ ಹೈಕೋರ್ಟು ಸರ್ಕಾರದ ಪರವಾಗಿ ತೀರ್ಪು ಕೊಟ್ಟಿತು. ಭೂಮಿ ನಿಮ್ಮದಿರಬಹುದು, ಆದರೆ ಕಂದಾಯ ಏರದಂತೆ ತಡೆಯುವ ಹಕ್ಕು ನಿಮಗಿಲ್ಲ. ಅದರ ಸಾರ ಇಷ್ಟು.

ಘಟ್ಟದ ಮೇಲಿನ ನಿಜವಾದ ಗಂಟು ಇದ್ದದ್ದು ಕಾಡಿನಲ್ಲಿ. ಅಡಿಕೆ ತೋಟ ಬದುಕುವುದು ಸೊಪ್ಪಿನಿಂದ. ಹಸಿಸೊಪ್ಪು ಕೊಟ್ಟಿಗೆಗೆ, ಅಲ್ಲಿಂದ ಗೊಬ್ಬರವಾಗಿ ಮರದ ಬುಡಕ್ಕೆ. ದರಕು (ಉದುರಿದ ಒಣ ಎಲೆ), ಕರಡ (ಹುಲ್ಲು), ಉರುವಲು ಎಲ್ಲವೂ ಬೆಟ್ಟದಿಂದಲೇ ಬರಬೇಕು. 1878ರ ಅರಣ್ಯ ಕಾಯ್ದೆಯ ನಂತರ ಬೆಟ್ಟ ಅರಣ್ಯವಾಯಿತು. ಆದರೆ ಕಂದಾಯ ಕೊಡುವ ತೋಟ ಒಣಗುವುದು ಸರ್ಕಾರಕ್ಕೂ ಬೇಡವಾಗಿತ್ತು. ಹಾಗಾಗಿ ಒಂದು ಎಕರೆ ತೋಟಕ್ಕೆ 9 ಎಕರೆವರೆಗೆ ಬೆಟ್ಟವೆಂಬ ಲೆಕ್ಕ ನಿಂತಿತು. ಸೊಪ್ಪು ಕಡಿಯಬಹುದು, ದರಕು ಗುಡಿಸಬಹುದು, ನೆಲ ಸರ್ಕಾರದ್ದು. ಸಾಗ, ಗಂಧದಂಥ ಮರಗಳನ್ನು ಮುಟ್ಟುವಂತಿಲ್ಲ. ತೋಟ ಮಾರಿದರೆ ಬೆಟ್ಟ ಅದರ ಹಿಂದೆ ಹೋಗುತ್ತದೆ, ಒಂಟಿಯಾಗಿ ಕ್ರಯವಾಗದು. 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 79ನೇ ಕಲಮು ಇದನ್ನು ಹಾಗೆಯೇ ಉಳಿಸಿತು. ದಕ್ಷಿಣ ಕನ್ನಡದ ಕುಮ್ಕಿ, ಕೊಡಗಿನ ಬಾಣೆ, ಉತ್ತರ ಕನ್ನಡದ ಬೆಟ್ಟ ಮತ್ತು ಹಾಡಿ, ಇವೆಲ್ಲ ಅಲ್ಲಿ ‘ಸವಲತ್ತು’ಗಳು.

ಈ ಸವಲತ್ತಿನ ಗುಣಗಾನ ಬೇಕಷ್ಟು ನಡೆದಿದೆ. ಅದರ ಅಳತೆಗೋಲು ತೋಟವಾಗಿತ್ತೆಂಬುದನ್ನು ಹೇಳುವವರು ಕಡಿಮೆ. ಗದ್ದೆಯೇ ಜೀವನವಾದ ದಾಸನಕೊಪ್ಪ, ಬನವಾಸಿ ಕಡೆಯ ಬಯಲಿನ ರೈತನಿಗೆ, ತೋಟದ ಕೂಲಿಯವನಿಗೆ ಒಂದಕ್ಕೆ ಒಂಬತ್ತರ ಈ ಲೆಕ್ಕ ಅನ್ವಯಿಸಲಿಲ್ಲ.

ಕರನಿರಾಕರಣೆಯ ವರ್ಷಗಳಲ್ಲಿ ಒಡೆತನ ಇನ್ನೊಂದು ಪರೀಕ್ಷೆಗೆ ಬಂತು. 1930ರಿಂದ 1932ರವರೆಗೆ ಸಿದ್ದಾಪುರ, ಅಂಕೋಲಾಗಳಲ್ಲಿ ಕಂದಾಯ ಕೊಡದವರ ಜಮೀನು, ಸಾಮಾನು ಜಪ್ತಿಯಾದವು, ಹರಾಜಾದವು. ಕಾಗದದ ಪ್ರಕಾರ ಹರಾಜಿನಲ್ಲಿ ಕೊಂಡವನೇ ಮಾಲಿಕ. ಊರು ಒಪ್ಪಲಿಲ್ಲ. ಮಾವಿನಗುಂಡಿಯಲ್ಲಿ ಕೊಂಡವರ ಮನೆಯ ಮುಂದೆ ಮಹಿಳೆಯರು ಉಪವಾಸ ಕೂತರು. ಮುಂದೆ ಮುಂಬಯಿಯಲ್ಲಿ ಕಾಂಗ್ರೆಸ್ ಮಂತ್ರಿಮಂಡಲ ಬಂದಮೇಲೆ, ಇಂಥ ಜಮೀನುಗಳನ್ನು ಮೂಲದವರಿಗೆ ಮರಳಿಸಲೆಂದೇ 1938ರಲ್ಲಿ ಪ್ರತ್ಯೇಕ ಕಾಯ್ದೆಯಾಯಿತು. ಕ್ರಯಪತ್ರವನ್ನು ಊರಿನ ನ್ಯಾಯ ಮಣಿಸಿದ ಇಂಥ ಪ್ರಸಂಗಗಳು ವಿರಳ.

1974ರ ಮಾರ್ಚ್ 1ರಂದು ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿ ಗೇಣಿಯ ಪದರಗಳನ್ನೆಲ್ಲ ಕಿತ್ತುಹಾಕಿತು. 7ನೇ ನಮೂನೆಯ ಅರ್ಜಿ, ಭೂನ್ಯಾಯಮಂಡಳಿಯ ಆದೇಶ, ಬಳಿಕ ಪಹಣಿಯ 9ನೇ ಕಾಲಮಿನಲ್ಲಿ ಉಳುವವನ ಹೆಸರು. ಇದರ ಕಥೆ ಬೇಕಾದಷ್ಟು ಬರೆಯಲ್ಪಟ್ಟಿದೆ. ಅತಿಕ್ರಮಣದಾರನಿಗೆ ಮಾತ್ರ ಆ ಬಾಗಿಲು ತೆರೆಯಲಿಲ್ಲ, ಏಕೆಂದರೆ ಅವನ ಧಣಿ ಅರಣ್ಯ ಇಲಾಖೆ.

ಅವನಿಗೆ ಸಿಕ್ಕದ್ದು 2006ರ ಅರಣ್ಯ ಹಕ್ಕು ಕಾಯ್ದೆ. ಅದು ಕೊಡುವ ಹಕ್ಕು ಮಕ್ಕಳಿಗೆ ಇಳಿಯುತ್ತದೆ, ಆದರೆ ಮಾರುವಂತಿಲ್ಲ, ಪರಭಾರೆ ಮಾಡುವಂತಿಲ್ಲ. ಮಿತಿ 4 ಹೆಕ್ಟೇರ್. ಬುಡಕಟ್ಟಿಗೆ ಸೇರದವರು 2005ರ ಡಿಸೆಂಬರ್ 13ಕ್ಕೆ ಮುಂಚಿನ ಮೂರು ತಲೆಮಾರು, ಅಂದರೆ 75 ವರ್ಷ, ಕಾಡನ್ನು ನಂಬಿ ಅಲ್ಲೇ ನೆಲೆಸಿದ್ದನ್ನು ತೋರಿಸಬೇಕು. ಲೆಕ್ಕ ಹಾಕಿದರೆ ಅದು 1930ಕ್ಕೆ ಹೋಗುತ್ತದೆ. ಆ ಕಾಲದಲ್ಲಿ ಕಾಡಂಚಿನ ಬಡವನ ಹೆಸರನ್ನು ಯಾವ ದಫ್ತರಿನಲ್ಲಿ ಹುಡುಕುವುದು? ನಿಯಮಾವಳಿ ಹಿರಿಯರ ಹೇಳಿಕೆಯನ್ನೂ ಬರಹಕ್ಕಿಳಿಸಿ ಸಾಕ್ಷ್ಯವಾಗಿ ಸ್ವೀಕರಿಸುತ್ತದೆ. ಅರ್ಜಿದಾರನನ್ನು ಬಿಟ್ಟು ಬೇರೆ ಹಿರಿಯರು ಹೇಳಬೇಕು, ಅದರ ಜೊತೆಗೆ ಇನ್ನೊಂದು ಸಾಕ್ಷ್ಯವಾದರೂ ಬೇಕು.