ಗತವೈಭವದಿಂದ ಗೊಟಗೋಡಿಯವರೆಗೆ: ಹುಬ್ಬಳ್ಳಿ–ಧಾರವಾಡದ ಹಿನ್ನೋಟದ ಚರಿತ್ರೆ

ಪ್ರವೇಶ

ಹುಬ್ಬಳ್ಳಿಯಿಂದ ಬೆಂಗಳೂರು ಹೆದ್ದಾರಿ ಹಿಡಿದು ಸುಮಾರು 40 ಕಿ.ಮೀ. ಹೋದರೆ ಶಿಗ್ಗಾಂವಿ ತಾಲ್ಲೂಕಿನ ಗೊಟಗೋಡಿ ಸಿಗುತ್ತದೆ. ಕಲಾವಿದ ಟಿ.ಬಿ. ಸೊಲಬಕ್ಕನವರ ಕಲ್ಪನೆಯಲ್ಲಿ ಮೂಡಿದ ಉತ್ಸವ ರಾಕ್ ಗಾರ್ಡನ್ ಇರುವುದು ಇಲ್ಲೇ. ಉತ್ತರ ಕರ್ನಾಟಕದ ಹಳ್ಳಿಯ ಬದುಕು ಇಲ್ಲಿ ಆಳೆತ್ತರದ ಸಿಮೆಂಟು ಶಿಲ್ಪಗಳಾಗಿ ನಿಂತಿದೆ. ರಜೆಯ ದಿನ ಅವಳಿ ನಗರದಿಂದ ಬಂದ ಕುಟುಂಬಗಳು ಇವುಗಳ ನಡುವೆ ಅಡ್ಡಾಡಿ ಫೋಟೋ ತೆಗೆಸಿಕೊಳ್ಳುತ್ತವೆ. ‘ಹಿಂದಕ ಎಷ್ಟ್ ಛಲೋ ಇತ್ತು ನೋಡ್ರಿ’ ಎಂಬ ಮಾತಿಗೆ ಇಂಥ ಜಾಗದಲ್ಲಿ ಬರವಿಲ್ಲ.

ಈ ಲೇಖನ ಹುಟ್ಟಿದ್ದು ಆ ಮಾತಿನಿಂದ. ಛಲೋ ಇದ್ದ ಆ ‘ಹಿಂದಕ’ ಯಾವುದು? ಕಳೆದ ನೂರಿಪ್ಪತ್ತು ವರ್ಷಗಳಲ್ಲಿ ಹುಬ್ಬಳ್ಳಿ–ಧಾರವಾಡದ ಜನ ವರ್ತಮಾನದ ಕಳವಳ ತಾಳಲಾರದೆ ಯಾವ ಯಾವ ಕಾಲಕ್ಕೆ ಮನಸ್ಸಿನಲ್ಲೇ ಪ್ರಯಾಣ ಮಾಡಿದರು? ಪ್ರತಿ ತಲೆಮಾರೂ ತನ್ನ ಚಿಂತೆಗೆ ಒದಗುವ ಭೂತಕಾಲವನ್ನೇ ಆರಿಸಿಕೊಂಡಿತು. ಹಾಗೆ ಆರಿಸಿಕೊಂಡ ಕಾಲದಲ್ಲಿ ನಿಜವಾಗಿ ಬದುಕಿದವರಿಗೆ ಅದು ಸರಳವಾಗಿರಲಿಲ್ಲ ಎಂಬುದು ಇಲ್ಲಿನ ವಾದ.

ಯಂತ್ರಕ್ಕಿಂತ ಮೊದಲು ತವರು

1688ರಲ್ಲಿ ಯೊಹಾನೆಸ್ ಹೋಫರ್ ಎಂಬ ವೈದ್ಯವಿದ್ಯಾರ್ಥಿ ಊರಿನ ಹಂಬಲದಿಂದ ಕೃಶರಾಗುತ್ತಿದ್ದ ಸ್ವಿಸ್ಸರನ್ನು ಕುರಿತು ಪ್ರಬಂಧ ಬರೆದು, ಆ ಕಾಯಿಲೆಗೆ ‘ನಾಸ್ಟಾಲ್ಜಿಯಾ’ ಎಂದು ಹೆಸರಿಟ್ಟ. ಎಚ್.ಜಿ. ವೆಲ್ಸ್ 1895ರಲ್ಲಿ ಕಾಲಯಂತ್ರದ ಕಾದಂಬರಿ ಪ್ರಕಟಿಸಿದ. ಅವನ ಯಾತ್ರಿಕ ಹೋದದ್ದು ಹಿಂದಕ್ಕಲ್ಲ, ದೂರದ ಭವಿಷ್ಯಕ್ಕೆ.

ನಮ್ಮಲ್ಲಿ ಹಿಂದಕ್ಕೆ ಹೋಗುವ ದಾರಿಗೆ ಇವೆರಡಕ್ಕಿಂತ ಹಳೆಯ ಹೆಸರಿದೆ, ಅದು ತವರು. ಬೀಸುವಾಗ, ಕುಟ್ಟುವಾಗ ಹೆಣ್ಣುಮಕ್ಕಳು ಹಾಡಿದ ತ್ರಿಪದಿಗಳಲ್ಲಿ ತವರು ಒಂದು ಊರೂ ಹೌದು, ಮುಗಿದುಹೋದ ಒಂದು ಕಾಲವೂ ಹೌದು. ನಾಗರ ಪಂಚಮಿಗೆ ಅಣ್ಣ ಕರೆಯಲು ಬಂದರೆ ಮದುವೆಯಾದ ಮಗಳು ನಾಲ್ಕು ದಿನ ಮತ್ತೆ ಹುಡುಗಿಯಾಗುತ್ತಾಳೆ. ಜೋಕಾಲಿ ಜೀಕುತ್ತಾಳೆ, ಶೇಂಗಾ ಉಂಡಿ, ಎಳ್ಳುಂಡಿ ತಿನ್ನುತ್ತಾಳೆ. ಆಮೇಲೆ ಬುತ್ತಿ ಕಟ್ಟಿಸಿಕೊಂಡು ಗಂಡನ ಮನೆಗೆ ಮರಳುತ್ತಾಳೆ. ಮರಳುವ ದಿನ ಗೊತ್ತಿರುವ ಪ್ರಯಾಣ ಇದು. ಮುಂದೆ ನೋಡಲಿರುವ ಹಿನ್ನೋಟಗಳನ್ನು ತೂಗುವಾಗ ಈ ಅಳತೆ ನೆನಪಿನಲ್ಲಿರಬೇಕು.

ಅರಸರ ಕಾಲಕ್ಕೆ: 1905–1917

ಹತ್ತೊಂಬತ್ತನೆಯ ಶತಮಾನದ ಕೊನೆಯ ಕಾಲು ಭಾಗ ಈ ಸೀಮೆಗೆ ಬಹಳ ಕೆಟ್ಟದ್ದು. 1876–78ರ ಬರ ಧಾರವಾಡ ಜಿಲ್ಲೆಯನ್ನೂ ಹಿಂಡಿತು. 1880ರ ದಶಕದಲ್ಲಿ ರೈಲು ಬಂತು; ಸದರ್ನ್ ಮರಾಠಾ ರೈಲ್ವೆ ಧಾರವಾಡವನ್ನೇ ಕೇಂದ್ರ ಮಾಡಿಕೊಂಡಿತು. 1896ರಲ್ಲಿ ಮುಂಬೈಗೆ ಕಾಲಿಟ್ಟ ಪ್ಲೇಗು 1898ರ ಹೊತ್ತಿಗೆ ಹುಬ್ಬಳ್ಳಿಯನ್ನು ನಡುಗಿಸಿತ್ತು. ವಿಜ್ಞಾನಿ ಹಾಫ್‌ಕಿನ್ ತಯಾರಿಸಿದ ಪ್ಲೇಗಿನ ಲಸಿಕೆಯನ್ನು ಅಲ್ಲಿ ಹತ್ತಾರು ಸಾವಿರ ಜನರಿಗೆ ಚುಚ್ಚಲಾಯಿತು. ಇಲಿ ಬಿತ್ತೆಂದರೆ ಮನೆಗೆ ಬೀಗ ಹಾಕಿ ಊರ ಹೊರಗೆ ಗುಡಿಸಲು ಹೂಡುವುದೇ ಆ ಕಾಲದ ಬದುಕಾಯಿತು. ಜನ, ಸರಕು, ಪತ್ರ ತರುತ್ತಿದ್ದ ರೈಲೇ ಬೇನೆಯನ್ನೂ ತರುತ್ತದೆಂಬ ಭಯ ಸುಳ್ಳಾಗಿರಲಿಲ್ಲ. ನಿಲ್ದಾಣಗಳಲ್ಲಿ ಪ್ರಯಾಣಿಕರ ತಪಾಸಣೆ ಪ್ಲೇಗು ತಡೆಯ ಸರ್ಕಾರಿ ಕ್ರಮಗಳಲ್ಲಿ ಒಂದಾಗಿತ್ತು.

ಇದರ ಜೊತೆಗೆ ಮತ್ತೊಂದು ಕಳವಳ ಭಾಷೆಯದು. ಮುಂಬೈ ಕರ್ನಾಟಕದ ಶಾಲೆ, ಕಚೇರಿಗಳಲ್ಲಿ ಮರಾಠಿಯ ಪ್ರಾಬಲ್ಯವಿತ್ತು. ಕನ್ನಡಿಗರು ಮುಂಬೈ, ಮದ್ರಾಸ್, ಹೈದರಾಬಾದ್, ಮೈಸೂರು, ಕೊಡಗು ಎಂದು ಹಂಚಿಹೋಗಿದ್ದರು. 1890ರ ಜುಲೈ 20ರಂದು ರಾ.ಹ. ದೇಶಪಾಂಡೆ ಮೊದಲಾದವರು ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಕಟ್ಟಿದ್ದು ಈ ಕಳವಳಕ್ಕೆ ಉತ್ತರವಾಗಿ.

ಆಲೂರು ವೆಂಕಟರಾಯರು 1905ರಲ್ಲಿ ಆನೆಗೊಂದಿ, ಹಂಪಿಯ ಹಾಳು ನೋಡಿ ಬಂದರು. ಆ ಭೇಟಿ ಅವರ ಬದುಕಿನ ದಿಕ್ಕು ಬದಲಿಸಿತು. 1917ರಲ್ಲಿ ‘ಕರ್ನಾಟಕ ಗತವೈಭವ’ ಹೊರಬಂತು. ಕದಂಬ, ಚಾಲುಕ್ಯ, ರಾಷ್ಟ್ರಕೂಟ, ಹೊಯ್ಸಳ, ವಿಜಯನಗರಗಳನ್ನು ಒಂದೇ ನಾಡಿನ ಕತೆಯಾಗಿ ಹೊಸೆದ ಪುಸ್ತಕ ಅದು. ಓದುಗ ಚದುರಿದ ನಾಡಿನಿಂದ ಎದ್ದು ಅಖಂಡ ನಾಡಿನೊಳಕ್ಕೆ ಹೋಗಿ ಬರುತ್ತಿದ್ದ. ಬರುವಾಗ ಅವನ ಕೈಯಲ್ಲಿ ಏಕೀಕರಣ ಎಂಬ ಬೇಡಿಕೆ ಇರುತ್ತಿತ್ತು. ಆ ಬೇಡಿಕೆ 1956ರಲ್ಲಿ ಈಡೇರಿತು. ಆದ್ದರಿಂದ ಆಲೂರರ ಹಿನ್ನೋಟವನ್ನು ಪಲಾಯನ ಎನ್ನಲಾಗದು. ಆದರೆ ಆ ವೈಭವದಲ್ಲಿ ಮುಂದೆ ನಿಂತವರು ಅರಸರು. ಕಲ್ಲು ಹೊತ್ತವರ, ಕಂದಾಯ ತೆತ್ತವರ ದಿನಚರಿಗೆ ಅಲ್ಲಿ ಹೆಚ್ಚು ಜಾಗವಿಲ್ಲ.

ಹಳ್ಳಿಯ ಕಾಲಕ್ಕೆ: 1922–1931

ಮುಂದಿನ ತಲೆಮಾರು ಅರಮನೆಯ ಬದಲು ಅಂಗಳಕ್ಕೆ ಹೋಯಿತು. ಕವಿ ದ.ರಾ. ಬೇಂದ್ರೆ ಹುಟ್ಟಿದ್ದು ಪ್ಲೇಗು ಮುಂಬೈಗೆ ಬಂದ 1896ರಲ್ಲೇ. ಧಾರವಾಡದಲ್ಲಿ 1922ರ ಹೊತ್ತಿಗೆ ಅವರ ಸುತ್ತ ರೂಪುಗೊಂಡ ಗೆಳೆಯರ ಗುಂಪು 1926ರಲ್ಲಿ ನಾಡಹಬ್ಬ ಆರಂಭಿಸಿತು. ಇಂಗ್ಲಿಷ್ ಓದಿದ ಈ ತರುಣರು ಕಾವ್ಯದ ಕಸುವಿಗಾಗಿ ಜನಪದ ಧಾಟಿಗಳಿಗೆ, ಆಡುಮಾತಿಗೆ ಕಿವಿಗೊಟ್ಟರು. ಅತ್ತ ವಿಜಾಪುರ ಸೀಮೆಯ ಹಲಸಂಗಿಯ ಗೆಳೆಯರು ಹೆಂಗಸರ ಬಾಯಿಂದ ಹಾಡು ಸಂಗ್ರಹಿಸಿ 1931ರಲ್ಲಿ ‘ಗರತಿಯ ಹಾಡು’ ತಂದರು.

ಈ ಹಾಡುಗಳ ಹುಟ್ಟಿನ ಜಾಗವನ್ನು ಹತ್ತಿರದಿಂದ ನೋಡಬೇಕು. ಕೋಳಿ ಕೂಗುವ ಮೊದಲೇ ಎದ್ದ ಹೆಂಗಸು ಬೀಸುಕಲ್ಲಿನ ಮುಂದೆ ಒಂದು ಕಾಲು ಚಾಚಿ ಕೂರುತ್ತಾಳೆ. ಒಂದು ಕೈ ಗೂಟ ತಿರುಗಿಸುತ್ತಿದ್ದರೆ ಇನ್ನೊಂದು ಕೈ ಜೋಳದ ಕಾಳು ಹಾಕುತ್ತದೆ. ಕಲ್ಲಿನ ಸುತ್ತು ಹಾಡಿನ ಗತಿಯಾಗುತ್ತದೆ. ಮನೆ ಮಂದಿಗೆಲ್ಲ ರೊಟ್ಟಿಗಾಗುವಷ್ಟು ಹಿಟ್ಟು ಬೀಳುವ ಹೊತ್ತಿಗೆ ಬೆಳಗಾಗಿ, ರಟ್ಟೆ ಸೋತಿರುತ್ತದೆ. ಆ ದಣಿವು ಮರೆಯಲೆಂದೇ ಅವಳು ತವರನ್ನು ಹಾಡುತ್ತಿದ್ದಳು. ಊರಿಗೆ ಹಿಟ್ಟಿನ ಗಿರಣಿ ಬಂದಾಗ ಹೆಂಗಸರು ಕಲ್ಲನ್ನು ಮೂಲೆಗೆ ಸರಿಸಿದರು, ಹಾಡನ್ನು ವಿದ್ವಾಂಸರು ಪುಸ್ತಕಕ್ಕೆ ಏರಿಸಿದರು. ನಾವು ‘ಸರಳ ಬದುಕು’ ಎಂದು ಕೇಳಿ ತಣಿಯುವ ದನಿ, ತನ್ನ ಬದುಕಿನಿಂದ ಒಂದಿಷ್ಟು ಹೊತ್ತು ಬಿಡುಗಡೆ ಬಯಸಿದವಳ ದನಿ.

ಎದುರುದನಿಗಳು

ಹಳ್ಳಿಯನ್ನಾಗಲಿ ಅರಸರ ಕಾಲವನ್ನಾಗಲಿ ಸ್ವರ್ಗವಾಗಿ ಕಾಣುವುದನ್ನು ಇದೇ ಸೀಮೆಯ ಲೇಖಕರು ಒಪ್ಪಿದ್ದಿಲ್ಲ. ರಾವಬಹಾದ್ದೂರರ ‘ಗ್ರಾಮಾಯಣ’ (1957) ಒಂದು ಹಳ್ಳಿ ಒಳಜಗಳ, ಬರ, ಬೇನೆಗಳಿಗೆ ಸಿಕ್ಕಿ ಕುಸಿಯುವ ಕತೆ. ಗಿರೀಶ ಕಾರ್ನಾಡರು ‘ತುಘಲಕ್’ನಲ್ಲಿ (1964) ಹದಿನಾಲ್ಕನೆಯ ಶತಮಾನಕ್ಕೆ ಹೋದರೂ ಓದುಗರು ಕಂಡದ್ದು ಸ್ವಾತಂತ್ರ್ಯಾನಂತರದ ಭ್ರಮನಿರಸನವನ್ನು. ಅವರ ‘ರಾಕ್ಷಸ ತಂಗಡಿ’ (2018) ಆಲೂರರು ಕಣ್ತುಂಬಿಕೊಂಡ ಅದೇ ವಿಜಯನಗರದ 1565ರ ಪತನವನ್ನು ರಂಗಕ್ಕೆ ತಂದಿತು. ಒಬ್ಬರು ಹಂಪಿಯಲ್ಲಿ ವೈಭವದ ನೆನಪು ಕಂಡರು. ಇನ್ನೊಬ್ಬರು ಅಧಿಕಾರದ ಹಮ್ಮು ನಾಡನ್ನು ಹಾಳುಗೆಡವಿದ ಬಗೆಯನ್ನು ಕಂಡರು. ಹಾಳು ಒಂದೇ, ಎರಡು ಕಾಲದ ಅಗತ್ಯ ಬೇರೆ ಬೇರೆ.

ಸಿಮೆಂಟಿನ ಹಳ್ಳಿ, ನಿಂತ ರೈಲು

ಹುಬ್ಬಳ್ಳಿ ಮತ್ತು ಧಾರವಾಡ 1962ರಲ್ಲಿ ಒಂದೇ ಮಹಾನಗರಪಾಲಿಕೆಯಾದವು. 2011ರ ಜನಗಣತಿಯಲ್ಲಿ ಅವಳಿ ನಗರದ ಜನಸಂಖ್ಯೆ 9.43 ಲಕ್ಷ. ಎರಡೂ ಊರುಗಳ ನಡುವಿನ ಸುಮಾರು 22 ಕಿ.ಮೀ. ದಾರಿಯಲ್ಲಿ 2018ರಿಂದ ‘ಚಿಗರಿ’ ಬಸ್ಸು ಓಡುತ್ತಿದೆ. ಇಂದಿನ ಕಳವಳಗಳೂ ಬೇರೆ: ಮಕ್ಕಳ ನೌಕರಿ, ಸಾಲದ ಕಂತು, ಕೈಬಿಡದ ಮೊಬೈಲು, ಬೆಂಗಳೂರಿಗೋ ಪುಣೆಗೋ ಹೋದ ಮಕ್ಕಳಿಲ್ಲದ ಮನೆ. ಇಂಥವರನ್ನು ಗೊಟಗೋಡಿ ಸೆಳೆಯುವುದು ಸಹಜ. ಅಲ್ಲಿ ಎಲ್ಲರೂ ಒಟ್ಟಿಗಿದ್ದಾರೆ, ಯಾರಿಗೂ ಅವಸರವಿಲ್ಲ. 2011ರಲ್ಲಿ ಸ್ಥಾಪನೆಯಾದ ಕರ್ನಾಟಕ ಜಾನಪದ ವಿಶ್ವವಿದ್ಯಾಲಯಕ್ಕೂ ಇದೇ ಗೊಟಗೋಡಿ ನೆಲೆಯಾಯಿತು. ಹಾಡು, ಆಟ, ಕಸುಬುಗಳ ಅರಿವು ಉಳಿಸುವ ಈ ಕೆಲಸಗಳ ಬೆಲೆ ದೊಡ್ಡದು. ಆದರೆ ಸಿಮೆಂಟಿಗೆ ಹಸಿವು, ಸಾಲ, ಬೇನೆ ಇಲ್ಲ. ಹಳ್ಳಿಯ ಕೇರಿಗಳ ನಡುವಿನ ಗೆರೆಗಳೂ ಪ್ರವಾಸಿಯ ಕಣ್ಣಿಗೆ ಬೀಳುವುದಿಲ್ಲ.

ಈ ವಾದಕ್ಕೆ ಗಟ್ಟಿ ಸಾಕ್ಷಿ ಇರುವುದು ಹುಬ್ಬಳ್ಳಿಯ ಒಳಗೇ. 2020ರ ಆಗಸ್ಟ್‌ನಲ್ಲಿ ರೈಲು ನಿಲ್ದಾಣದ ಬಳಿ ರೈಲ್ವೆ ಮ್ಯೂಸಿಯಂ ತೆರೆಯಿತು. ಮಲಪ್ರಭಾ, ಘಟಪ್ರಭಾ ಎಂಬ ಎರಡು ಹಳೆಯ ರೈಲ್ವೆ ಕಟ್ಟಡಗಳಲ್ಲಿ ಹಿಂದಿನ ಕಾಲದ ರೈಲ್ವೆ ಸಾಮಾನುಗಳನ್ನು ಜೋಡಿಸಿದ್ದಾರೆ. ಅಂಗಳದಲ್ಲಿ ಹಳೆಯ ಎಂಜಿನ್ನು ನಿಂತಿದೆ. ಮುತ್ತಜ್ಜ ಯಾವ ಬಂಡಿಯ ಸೀಟಿ ಕೇಳಿ ಪ್ಲೇಗಿಗೆ ಹೆದರಿದನೋ, ಮರಿಮೊಮ್ಮಕ್ಕಳು ಅಂಥದೇ ಬಂಡಿ ಹತ್ತಿ ಶಾಂತ ಕಾಲವೊಂದನ್ನು ನೆನೆಯುತ್ತಾರೆ. ಪಕ್ಕದ ನಿಲ್ದಾಣದಲ್ಲಿ 2023ರಲ್ಲಿ ಉದ್ಘಾಟನೆಯಾದ 1,507 ಮೀಟರ್ ಉದ್ದದ ಪ್ಲಾಟ್‌ಫಾರ್ಮ್ ಇದೆ. ಇನ್ನೊಂದು ನೂರು ವರ್ಷಕ್ಕೆ ಅದೂ ‘ಆ ಸರಳ ದಿನಗಳ’ ಗುರುತಾದರೆ ಅಚ್ಚರಿಪಡಬೇಕಿಲ್ಲ.

ಉಪಸಂಹಾರ

ಚದುರಿದ ನಾಡು ಅರಸರನ್ನು ನೆನೆಯಿತು, ಇಂಗ್ಲಿಷ್ ಓದಿದ ಪೇಟೆ ಹಳ್ಳಿಯ ಹಾಡನ್ನು ನೆನೆಯಿತು, ಒಂಟಿಯಾಗುತ್ತಿರುವ ನಗರ ತುಂಬಿದ ಅಂಗಳವನ್ನು ನೆನೆಯುತ್ತಿದೆ. ಹಿಂದೆ ಹೋಗುವುದರಲ್ಲಿ ತಪ್ಪಿಲ್ಲ. ಪಂಚಮಿಗೆ ತವರಿಗೆ ಹೋದಂತೆ ಹೋಗಿ, ಬುತ್ತಿಯೊಂದಿಗೆ ಮರಳಬೇಕು. ಆಲೂರರು ಹಾಗೆ ಮರಳಿದ್ದರಿಂದಲೇ ಅವರ ಪ್ರಯಾಣ ಫಲ ಕೊಟ್ಟಿತು.

ಓದುಗರಲ್ಲಿ ಒಂದು ವಿನಂತಿ. ಮುಂದಿನ ಹಬ್ಬಕ್ಕೆ ಮನೆ ಮಂದಿ ಸೇರಿದಾಗ ಹಿರಿಯರನ್ನು ಕೂಡಿಸಿಕೊಂಡು ‘ನಿಮ್ಮ ಕಾಲಕ್ಕ ಏನೇನು ಛಲೋ ಇತ್ತು?’ ಎಂದು ಕೇಳಿ. ಕೂಡಲೇ ‘ಯಾವುದಕ್ಕ ಅಂಜತಿದ್ರಿ?’ ಎಂದೂ ಕೇಳಿ, ಎರಡೂ ಉತ್ತರಗಳನ್ನು ಬರೆದಿಡಿ. ಈ ಊರಿನ ಚರಿತ್ರೆ ಬರೆಯುವವರಿಗೆ ಎರಡನೆಯ ಉತ್ತರದ ಕೊರತೆಯೇ ಹೆಚ್ಚು.