ಸಾಕಿದ ನಾಯಿಗೆ ಸಿಟ್ಟೇಕೆ? ಆತಕೂರಿನಿಂದ ತ್ಯಾವರೆಕೊಪ್ಪದವರೆಗೆ

ತ್ಯಾವರೆಕೊಪ್ಪ ಎಂದರೆ ಹೊರಗಿನವರಿಗೆ ಹುಲಿ-ಸಿಂಹಧಾಮ. ಶಿವಮೊಗ್ಗದಿಂದ ಸಾಗರ ರಸ್ತೆಯಲ್ಲಿ ಸುಮಾರು ಹತ್ತು ಕಿಲೋಮೀಟರ್. ಶುರುವಾದದ್ದು 1988ರಲ್ಲಿ. ಅಲ್ಲಿ ಹುಲಿ ಬೇಲಿಯೊಳಗೆ, ನೋಡುವವರು ವಾಹನದೊಳಗೆ. ಆದರೆ ನಮ್ಮ ಹಳ್ಳಿಗಳಲ್ಲಿ ಮಕ್ಕಳ ಕೈಕಾಲಿಗೆ ಬಾಯಿ ಹಾಕುವುದು ಅಂಗಳದ ನಾಯಿ. ಅನ್ನ ಹಾಕಿದವರನ್ನೇ ಕಚ್ಚಿತು ಎಂದು ಬೈದು, ಹೊಡೆದು, ಕೊನೆಗೆ ದೂರ ಬಿಟ್ಟು ಬರುತ್ತೇವೆ. ಆ ಸಿಟ್ಟು ಎಲ್ಲಿಂದ ಬಂತು ಎಂದು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಒಂದು ಕಾಲದಲ್ಲಿ ನಾಯಿಯ ಸಿಟ್ಟಿಗೆ ಕನ್ನಡ ನಾಡು ಕಲ್ಲು ನೆಟ್ಟಿತ್ತು. ಮಂಡ್ಯ ಜಿಲ್ಲೆಯ ಆತಕೂರಿನ ವೀರಗಲ್ಲು ಸುಮಾರು ಕ್ರಿ.ಶ. 950ರದ್ದು. ಗಂಗರ ಬೂತುಗನ ಕಡೆಯ ವೀರ ಮಣಲೇರ. ತಕ್ಕೋಲದ ಯುದ್ಧದಲ್ಲಿ ಹೋರಾಡಿದ ಇವನು ಮೆಚ್ಚುಗೆಯ ಬಹುಮಾನವಾಗಿ ಬೇಡಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಕಾಳಿ ದೊಡ್ಡ ಕಾಡುಹಂದಿಯೊಂದರ ಮೇಲೆ ಬಿದ್ದಿತು, ಎರಡೂ ಸತ್ತವು. ನಾಯಿಯ ನೆನಪಿಗೆ ಕಲ್ಲು ನಿಲ್ಲಿಸಿ, ಅದರ ಪೂಜೆಗೆಂದು ಭೂಮಿಯನ್ನೂ ಬಿಟ್ಟರು. ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ.

ಮಲೆನಾಡಿನಲ್ಲೂ ನಾಯಿಗೆ ಇಂಥದೇ ಕೆಲಸವಿತ್ತು. ಹಂದಿ ಬೇಟೆಗೆ ಹೋಗುವುದು, ಗದ್ದೆ ಕಾಯುವುದು, ಕೊಟ್ಟಿಗೆಯ ಹತ್ತಿರ ಚಿರತೆ ಸುಳಿದರೆ ಕೂಗಿ ಎಬ್ಬಿಸುವುದು. ಹಗಲಿಡೀ ಮನೆಯವರ ಹಿಂದೆಮುಂದೆ ಓಡಾಡಿಕೊಂಡಿದ್ದ ಪ್ರಾಣಿ ಅದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಗೆ ಕಡಿವಾಣ ಹಾಕಿತು, 1991ರ ತಿದ್ದುಪಡಿ ಅದನ್ನು ಇನ್ನಷ್ಟು ಬಿಗಿ ಮಾಡಿತು. ಕಾಡುಪ್ರಾಣಿಗಳ ಮಟ್ಟಿಗೆ ಅದು ಒಳ್ಳೆಯದೇ. ಆದರೆ ನಾಯಿಯ ಓಡಾಟವೂ ಕಡಿಮೆಯಾಯಿತು. ರಸ್ತೆ, ಬೈಕು, ಅಕ್ಕಪಕ್ಕದವರ ದೂರು ಎಂದು ಈಗ ಎಷ್ಟೋ ಮನೆಗಳಲ್ಲಿ ಅದು ಗೇಟಿನ ಪಕ್ಕ ಮೂರು ಅಡಿ ಸರಪಳಿಯಲ್ಲಿರುತ್ತದೆ.

ಕಟ್ಟಿಹಾಕುವುದಕ್ಕೂ ಕಚ್ಚುವುದಕ್ಕೂ ನಂಟಿದೆ. ಅಮೆರಿಕದ ಡೆನ್ವರ್ ನಗರದ ಒಂದು ಅಧ್ಯಯನ 1994ರಲ್ಲಿ ಪ್ರಕಟವಾಯಿತು. ಕಚ್ಚದ ನಾಯಿಗಳಿಗಿಂತ ಕಚ್ಚಿದ ನಾಯಿಗಳಲ್ಲಿ ಅಂಗಳದಲ್ಲಿ ಕಟ್ಟಿಹಾಕಿದವು ಹೆಚ್ಚಿದ್ದವು ಎಂದು ಅದು ತೋರಿಸಿತು. ಕಟ್ಟಿದ ನಾಯಿ ಹೆದರಿದಾಗ ಓಡಿಹೋಗಲಾರದು. ಉಳಿಯುವ ದಾರಿ ಒಂದೇ, ಮೈಮೇಲೆ ಬೀಳುವುದು.

ಹಾಗಾದರೆ ತಳಿಯ ತಪ್ಪೇ ಇಲ್ಲವೇ? 2024ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಪಿಟ್‌ಬುಲ್, ರಾಟ್‌ವೀಲರ್ ಸೇರಿ 23 ತಳಿಗಳನ್ನು ನಿಷೇಧಿಸಲು ಸುತ್ತೋಲೆ ಹೊರಡಿಸಿತು. ಏಪ್ರಿಲ್‌ನಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ರದ್ದು ಮಾಡಿತು. ದೊಡ್ಡ ದವಡೆಯ ನಾಯಿ ಕಚ್ಚಿದರೆ ಗಾಯ ದೊಡ್ಡದು, ಅದು ನಿಜ. ಆದರೆ 2022ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಅಧ್ಯಯನ 18,000ಕ್ಕೂ ಹೆಚ್ಚು ನಾಯಿಗಳನ್ನು ನೋಡಿ, ಒಂದೊಂದು ನಾಯಿಯ ಸ್ವಭಾವದ ವ್ಯತ್ಯಾಸದಲ್ಲಿ ತಳಿಯ ಪಾಲು ಸುಮಾರು ಶೇ. 9 ಮಾತ್ರ ಎಂದಿತು.

ಉಳಿದ ಕಾರಣಗಳು ನಮ್ಮ ಅಂಗಳದಲ್ಲೇ ಇವೆ. ಮೂರನೇ ವಾರದಿಂದ ಮೂರು ತಿಂಗಳವರೆಗೆ ಮರಿ ಹೊಸ ಜನ, ಮಕ್ಕಳು, ಸದ್ದು ಇವನ್ನೆಲ್ಲ ಕಲಿಯುವ ಕಾಲ. ಆಗ ಒಂಟಿಯಾಗಿ ಕಟ್ಟಿ ಬೆಳೆಸಿದರೆ ದೊಡ್ಡದಾದ ಮೇಲೆ ಎಲ್ಲದಕ್ಕೂ ಬೆದರುತ್ತದೆ. ಕಿವಿ ಸೋರುವುದು, ಹಲ್ಲುನೋವು, ಕಾಲುನೋವು ಇದ್ದಾಗ ಮುಟ್ಟಿದರೂ ಬಾಯಿ ಹಾಕುತ್ತದೆ. ತಿನ್ನುವಾಗ ತಟ್ಟೆಗೆ ಕೈ ಹಾಕಿದರೆ, ಮರಿ ಹಾಕಿದ ತಾಯಿಯ ಹತ್ತಿರ ಹೋದರೆ ಸಿಟ್ಟು ಬರುವುದು ಸಹಜ. ಇನ್ನು ‘ಛೂ’ ಬಿಟ್ಟು ದಾರಿಹೋಕರನ್ನು ಅಟ್ಟಿಸಿ ನಗುವವರು ನಾವೇ.

ಬೊಗಳುವ ನಾಯಿ ಕಚ್ಚುವುದಿಲ್ಲ ಎಂಬ ಗಾದೆಯನ್ನು ನಂಬಿ ಕೂರಬೇಡಿ. ಗುರ್ ಎನ್ನುವುದು ಎಚ್ಚರಿಕೆ. ಅದಕ್ಕೂ ಹೊಡೆದರೆ, ಮುಂದಿನ ಸಲ ಗುರ್ ಎನ್ನದೆಯೇ ಕಚ್ಚಬಹುದು.

ಕಚ್ಚುವ ನಾಯಿಯನ್ನು ಬೇರೆ ಊರಿನಲ್ಲಿ ಬಿಟ್ಟು ಬಂದರೆ ಅದು ಇನ್ನೂ ಹೆದರುತ್ತದೆ, ಆ ಊರಿನ ಮಗುವನ್ನು ಕಚ್ಚುತ್ತದೆ. ಮೊದಲು ಪಶು ಆಸ್ಪತ್ರೆಗೆ ಕರೆದೊಯ್ದು ನೋವಿದೆಯೇ ಎಂದು ತೋರಿಸಿ. ದಿನಕ್ಕೆ ಎರಡು ಸಲ ಸರಪಳಿ ಬಿಚ್ಚಿ, ಹಗ್ಗ ಹಿಡಿದು ಓಡಾಡಿಸಿ. ವರ್ಷ ವರ್ಷ ರೇಬೀಸ್ ಲಸಿಕೆ ಹಾಕಿಸಿ. ಸಾಧು ನಾಯಿ ಇದ್ದಕ್ಕಿದ್ದಂತೆ ಬದಲಾದರೆ ಹತ್ತಿರ ಹೋಗಬೇಡಿ, ಅದು ರೇಬೀಸ್ ಇರಬಹುದು. ಯಾವ ನಾಯಿ ಕಚ್ಚಿದರೂ, ಮನೆಯದೇ ಆದರೂ, ಗಾಯವನ್ನು ಹರಿಯುವ ನೀರು ಮತ್ತು ಸೋಪಿನಿಂದ 15 ನಿಮಿಷ ತೊಳೆಯಿರಿ. ಅರಿಶಿನ, ಸುಣ್ಣ, ಖಾರದಪುಡಿ ಮೆತ್ತಬೇಡಿ. ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಹೋಗಿ ಚುಚ್ಚುಮದ್ದು ಹಾಕಿಸಿಕೊಳ್ಳಿ.